ನಾಲಿಗೆಗೆ ತಾಗಿದ ನೂಲು

ಫೆಬ್ರವರಿ ೪

ಅಕ್ಕಾ,

ಮೊದಲು ಸೂಜಿ ಕೆಳಗಿಡು. ಕೈ ತೊಳೆದುಕೊಂಡು ಬಂದು ಆಮೇಲೆ ಓದು. ತಮಾಷೆ ಮಾಡುತ್ತಿಲ್ಲ.

ನಾನು ಕಳಿಸಿದ ಕೆಂಪು ಉಣ್ಣೆ ಹಾಸಿನ ವಿಷಯ. ಕುದುರೆಯ ಬೆನ್ನಿಗೆ ಹೊದಿಸುತ್ತಿದ್ದದ್ದು, ಹುಳು ತಿಂದು ಜರಡಿಯಾಗಿದೆ, ಪ್ರದರ್ಶನಕ್ಕಿಡುವ ಮುಂಚೆ ನಮ್ಮಕ್ಕನ ಕೈಯಲ್ಲೇ ರಫು ಆಗಬೇಕು ಎಂದು ನಾನೇ ಇಲ್ಲಿ ಹಟ ಹಿಡಿದು ಕಳಿಸಿದೆನಲ್ಲ, ಅದು. ಮೊನ್ನೆ ನಮ್ಮ ಮ್ಯೂಸಿಯಮ್ಮಿಗೆ ಹಳೆಯ ಮಡಕೆಗಳ ಬಣ್ಣ ಪರೀಕ್ಷಿಸಲು ಕಾಲೇಜಿನಿಂದ ಒಬ್ಬ ಮೇಡಂ ಬಂದಿದ್ದರು. ಅವರ ಕೈಯಲ್ಲಿ ಪಿಸ್ತೂಲಿನಂಥದೊಂದು ಯಂತ್ರ. ವಸ್ತುವಿನ ಮುಂದೆ ಹಿಡಿದರೆ ಅದರಲ್ಲಿ ಏನೇನು ಸೇರಿದೆ ಎಂದು ತೋರಿಸುತ್ತದೆ. ಹೊರಡುವ ಮುಂಚೆ ಸುಮ್ಮನೆ ನನ್ನ ಉಗ್ರಾಣದ ಉಣ್ಣೆ ಕಪಾಟಿನ ಮುಂದೆ ಹಿಡಿದರು. ಹಿಡಿದವರು ಹಿಂದಕ್ಕೆ ಸರಿದರು. "ಇದನ್ನೆಲ್ಲ ಬರಿಗೈಲಿ ಮುಟ್ತೀರಾ?" ಅಂದರು.

ಆರ್ಸೆನಿಕ್ ಅಕ್ಕ. ಪಾಷಾಣ. ಹಿಂದೆ ಉಗ್ರಾಣ ನೋಡಿಕೊಳ್ಳುತ್ತಿದ್ದವರು ಹುಳು ಹತ್ತದಿರಲಿ ಎಂದು ಉಣ್ಣೆಗೆಲ್ಲ ಬಳಿಯುತ್ತಿದ್ದರಂತೆ. ಬಳಿದವರು ಸತ್ತು ಮಣ್ಣಾದರೂ ಅದು ಹಾಗೇ ಉಳಿದಿರುತ್ತದಂತೆ. ವಾಸನೆಯಿಲ್ಲ, ಕಣ್ಣಿಗೆ ಕಾಣುವುದಿಲ್ಲ. ಕೆಂಪು ಹಾಸು ಇದ್ದದ್ದು ಅದೇ ಕಪಾಟಿನಲ್ಲಿ.

ನೀನು ಹೇಗೆ ರಫು ಮಾಡುತ್ತೀಯ ಎಂದು ನನಗೆ ಗೊತ್ತು. ಅದಕ್ಕೇ ನನ್ನ ನಿದ್ದೆ ಹಾರಿಹೋಗಿದೆ. ಹೊರಗಿನ ನೂಲು ಮುಟ್ಟುವವಳಲ್ಲ ನೀನು. ಅದೇ ಬಟ್ಟೆಯ ಅಂಚಿನಿಂದ ಎಳೆ ಬಿಡಿಸಿ, ತುಟಿಗಳ ನಡುವೆ ಎಳೆದು, ನಾಲಿಗೆಯ ಮೇಲೆ ಹೊರಳಿಸಿ ಮೊನೆ ಮಾಡಿ, ಆಮೇಲೆ ಸೂಜಿಗೆ ಪೋಣಿಸುತ್ತೀಯ. ಅಮ್ಮನೂ ಹಾಗೇ ಮಾಡುತ್ತಿದ್ದಳು. ಎಂಜಲು ಸೋಕಿದರೆ ಮಾತ್ರ ಹಳೆಯ ಉಣ್ಣೆ ಹೇಳಿದ ಮಾತು ಕೇಳುತ್ತದೆ ಅನ್ನುತ್ತಿದ್ದಳು. ಇನ್ನು ನಿನ್ನ ಮೊಮ್ಮಗಳು ಪುಟ್ಟಿ. ನಿನ್ನ ಮಗಳು ಕೆಲಸಕ್ಕೆ ಹೋದರೆ ಮಗು ದಿನವಿಡೀ ನಿನ್ನ ಮಡಿಲಲ್ಲೇ ಇರುತ್ತದೆ. ಹಾಸೂ ಅದೇ ಮಡಿಲಲ್ಲಿ.

ಫೋನಿನಲ್ಲಿ ಹೇಳೋಣವೆಂದರೆ ಮಿಲ್ಲಿನ ಮಗ್ಗಗಳು ನಿನ್ನ ಕಿವಿ ತಿಂದುಹಾಕಿವೆ, ಎದುರಿಗಿದ್ದು ತುಟಿ ನೋಡಿದರಷ್ಟೇ ನಿನಗೆ ಮಾತು ತಿಳಿಯುತ್ತದೆ. ನಿನ್ನ ಮಗಳ ಫೋನಿಗೆ ಬರೆದರೆ ಅವಳು ಮೊದಲು ಓದಿ ಮನೆ ತಲೆಕೆಳಗು ಮಾಡುತ್ತಾಳೆ. ಅದಕ್ಕೇ ಕಾಗದ. ನಿಲ್ಲಿಸಿಬಿಡು ಅಕ್ಕ. ತಲುಪಿದ ಕೂಡಲೇ ಎರಡು ಸಾಲು ಬರೆ.

ಕೈಕಾಲು ಆಡದೆ ಕೂತಿರುವ
ನಿನ್ನ ತಮ್ಮ

&nbsp;

ಫೆಬ್ರವರಿ ೧೧

ಶ್ರೀಮಾನ್ ಗಾಬರಿರಾಯರಿಗೆ,

ತಮ್ಮ ಕಾಗದ ಬಂದು ತಲುಪಿತು. ಪೋಸ್ಟಿನವನು ಕೊಡುವಾಗಲೇ ಲಕೋಟೆ ನಡುಗುತ್ತಿತ್ತು.

ಹೋದ ವರ್ಷ ಇದೇ ಹೊತ್ತಿಗೆ ನಮ್ಮ ಗ್ಯಾಸ್ ಸಿಲಿಂಡರ್ ಸಿಡಿಯುವುದರಲ್ಲಿತ್ತು. ಅದಕ್ಕೂ ಮುಂಚೆ ಲಿಫ್ಟಿನ ಹಗ್ಗ ಕಡಿಯುವುದರಲ್ಲಿತ್ತು. ನಮ್ಮ ಕಟ್ಟಡಕ್ಕೆ ಲಿಫ್ಟೇ ಇಲ್ಲವೆಂದು ಬರೆದ ಮೇಲೆ ಮೆಟ್ಟಿಲು ಜಾರುತ್ತದೆ ಎಂದು ಶುರು ಮಾಡಿದೆ. ಈಗ ಪಾಷಾಣ. ಒಳ್ಳೆಯದಪ್ಪ.

ಒಂದು ಮಾತು ಕೇಳುತ್ತೇನೆ, ಉತ್ತರ ಹೇಳು. ಅಷ್ಟೊಂದು ವಿಷ ಬಳಿದಿದ್ದರೆ ಇಷ್ಟೊಂದು ತೂತು ಮಾಡಿದವರು ಯಾರು? ನಿಮ್ಮ ಕುದುರೆಯೇ? ಹುಳುವೇ ತಿಂದು ದಷ್ಟಪುಷ್ಟವಾಗಿರುವಾಗ ನನಗೇನಾಗುತ್ತದೆ? ಅಮ್ಮ ಬದುಕಿದ್ದಷ್ಟು ದಿನ ಬಾಯಿಗಿಟ್ಟ ನೂಲು ಬಿಚ್ಚಿ ಹಾಸಿದರೆ ನಿನ್ನ ಊರು ಮುಟ್ಟುತ್ತದೆ. ಅವಳಿಗೇನಾಯಿತು?

ಹಾಸು ಬಹಳ ಚೆನ್ನಾಗಿದೆ ಕಣೋ. ಇಂಥ ಕೆಂಪನ್ನು ಈಗ ಯಾರೂ ಹಾಕುವುದಿಲ್ಲ. ಕಿಟಕಿಯ ಬೆಳಕಿಗೆ ಹಿಡಿದರೆ ಮೊದಲು ಕೆಂಪು, ಆಮೇಲೆ ಅದರೊಳಗೆ ಇನ್ನೊಂದು ಕೆಂಪು. ಎಡಗಡೆಯ ಮೂಲೆ ಮುಗಿಸಿದ್ದೇನೆ. ತೂತು ಎಲ್ಲಿತ್ತು ಎಂದು ನಾನೇ ಹುಡುಕಬೇಕು. ನಿಮ್ಮ ಮ್ಯೂಸಿಯಮ್ಮಿನ ದೊಡ್ಡವರಿಗೆ ಹೇಳು, ಪ್ರದರ್ಶನದ ದಿನಕ್ಕೆ ತಯಾರಾಗುತ್ತದೆ ಎಂದು.

ಮೇಡಮ್ಮಿನ ಪಿಸ್ತೂಲನ್ನು ನಿನ್ನ ತಲೆಗೂ ಒಂದು ಸಲ ಹಿಡಿಸಿ ನೋಡು.

ನೆಮ್ಮದಿಯಾಗಿರುವ
ನಿನ್ನ ಅಕ್ಕ

&nbsp;

ಫೆಬ್ರವರಿ ೧೭

ಅಕ್ಕಾ,

ನಗು, ಎಷ್ಟು ಬೇಕಾದರೂ ನಗು. ನಿನ್ನ ಪ್ರಶ್ನೆಗೆ ಉತ್ತರ ಇದೆ. ಮೊದಲು ಹುಳು ತಿಂದಿತು, ಇನ್ನು ತಿನ್ನದಿರಲಿ ಎಂದು ಆಮೇಲೆ ವಿಷ ಬಳಿದರು. ಮೇಡಂ ಹೇಳಿದ್ದು. ಮನೆಯಲ್ಲಿ ಹೊದೆಯುವ ಉಣ್ಣೆಗೂ ಮ್ಯೂಸಿಯಮ್ಮಿನಲ್ಲಿ ಕೂಡಿಟ್ಟ ಉಣ್ಣೆಗೂ ವ್ಯತ್ಯಾಸ ಇದೆಯಂತೆ. ಅಮ್ಮ ರಫು ಮಾಡಿದ್ದು ಊರವರ ಕೋಟು, ಶಾಲು.

ದೊಡ್ಡವರ ಹತ್ತಿರ ಹೋಗಿದ್ದೆ. ಹಾಸನ್ನು ವಾಪಸ್ ತರಿಸಿ ಸರಿಯಾಗಿ ಪರೀಕ್ಷೆ ಮಾಡಿಸೋಣ ಸಾರ್ ಎಂದೆ. ಅವರು ಕನ್ನಡಕ ಒರೆಸುತ್ತಾ, "ಗೋಡೆ ಮೇಲೆ ನೇತುಹಾಕೋ ಬಟ್ಟೆ ಅದು. ಯಾರಾದ್ರೂ ನೆಕ್ತಾರೇನ್ರೀ?" ಎಂದು ನಕ್ಕರು. ಅಲ್ಲಿದ್ದವರೂ ನಕ್ಕರು. ನನ್ನ ಕಣ್ಣ ಮುಂದೆ ನೀನು ಬಂದೆ. ಕಿಟಕಿಯ ಹತ್ತಿರ ನೆಲದ ಮೇಲೆ ಕೂತು, ತುಟಿಯಲ್ಲಿ ಎಳೆ ಕಚ್ಚಿಕೊಂಡು, ಬೆಳಕಿಗೆ ಸೂಜಿ ಹಿಡಿದಿದ್ದೆ.

ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು. ಪ್ರದರ್ಶನಕ್ಕೆ ಹಾಸು ಬರದಿದ್ದರೆ ನನ್ನ ಕೆಲಸ ಕಾಯಂ ಮಾಡುವ ಬಗ್ಗೆ ಮತ್ತೊಮ್ಮೆ ಯೋಚಿಸಬೇಕಾಗುತ್ತದಂತೆ. ಇದನ್ನು ಬರೆಯಬಾರದಿತ್ತು. ನೀನು ಅದನ್ನು ತಲೆಗೆ ಹಾಕಿಕೊಳ್ಳಬೇಡ.

ನಿನ್ನ ಕಾಗದದಲ್ಲಿ ಪುಟ್ಟಿಯ ವಿಷಯ ಒಂದಕ್ಷರವೂ ಇಲ್ಲ. ಹೋದ ಕಾಗದಗಳಲ್ಲಿ ಅರ್ಧ ಪುಟ ಅವಳದೇ ಇರುತ್ತಿತ್ತು. ಹಲ್ಲು ಬಂತು, ಕೂದಲು ಹಿಡಿದೆಳೆದಳು, ನಿನ್ನ ಕನ್ನಡಕ ಮುರಿದಳು. ಈಗೇನು? ಹುಷಾರಾಗಿದ್ದಾಳೆ ತಾನೇ? ವಾರದೊಳಗೆ ನೀನು ಬರೆಯದಿದ್ದರೆ ನಿನ್ನ ಮಗಳಿಗೆ ಫೋನ್ ಮಾಡುತ್ತೇನೆ.

ತಮ್ಮ

&nbsp;

ಫೆಬ್ರವರಿ ೨೩

ಏನೋ,

ಫೋನ್ ಮಾಡಿದೆಯೋ, ನಿನಗೂ ನನಗೂ ಮಾತಿಲ್ಲ. ಇದನ್ನು ನಗುತ್ತಾ ಬರೆಯುತ್ತಿಲ್ಲ.

ಗಂಡನ ಮನೆಯ ರಾಮಾಯಣವೆಲ್ಲ ಮುಗಿಸಿ, ಕಂಕುಳಲ್ಲಿ ಮಗು ಹೊತ್ತುಕೊಂಡು ಬಂದು, ಈಗಷ್ಟೇ ಅವಳಿಗೊಂದು ಕೆಲಸ ಸಿಕ್ಕಿದೆ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತು ಕಾಲು ಊದಿಸಿಕೊಂಡು ಬರುತ್ತಾಳೆ. ನೀನು ಅವಳ ಕಿವಿಗೆ ವಿಷ ಗಿಷ ಎಂದು ಊದಿದರೆ ಮಗುವನ್ನು ಎತ್ತಿಕೊಂಡು ಹೊರಟೇಬಿಡುತ್ತಾಳೆ. ಎಲ್ಲಿಗೆ ಹೋಗುತ್ತಾಳೆ? ನಿನ್ನ ಒಂಟಿ ಕೋಣೆಗೋ?

ನಿನ್ನ ಕೆಲಸದ ಮಾತು ನೀನು ಬರೆದದ್ದೇ ಒಳ್ಳೆಯದಾಯಿತು. ಎಷ್ಟು ವರ್ಷ ಅವರಿವರ ಅಂಗಡಿಯಲ್ಲಿ ಗುಮಾಸ್ತಿಕೆ ಮಾಡಿ ಅಲೆದಿದ್ದೀಯ ಎಂದು ನನಗೆ ಗೊತ್ತಿಲ್ಲವೇ? ಉಗ್ರಾಣದ ಬೀಗದ ಕೈ ಸಿಕ್ಕ ದಿನ ನೀನು ಬರೆದ ಕಾಗದ ಇನ್ನೂ ನನ್ನ ಹತ್ತಿರ ಇದೆ. ನೆಟ್ಟಗೆ ಕೂತು ಕೆಲಸ ಮಾಡು. ಹಾಸು ಬರುತ್ತದೆ.

ಇನ್ನೊಂದು. ಸುಮ್ಮನೆ ಕೇಳುತ್ತಿದ್ದೇನೆ, ವಾದಕ್ಕೆ ಅಂತಿಟ್ಟುಕೋ. ಆ ಪುಡಿ ಕೈಗೆ ಹತ್ತಿದರೆ ಸೋಪಿಗೆ ಹೋಗುತ್ತದೆಯೋ ಇಲ್ಲವೋ? ತಲೆಕೂದಲಿಗೆ ಹತ್ತಿದರೆ? ಒಂದು ಕೋಣೆಯಲ್ಲಿ ಇದ್ದದ್ದು ಬಾಗಿಲು ಹಾಕಿದ್ದರೂ ಪಕ್ಕದ ಕೋಣೆಗೆ ಹೋಗುತ್ತದೆಯೋ? ಮೊದಲೇ ಮಡಿಲಲ್ಲಿ ಮಲಗಿದ್ದ ಮಗುವಿಗೆ ಏನಾದರೂ ಆಗಿದ್ದರೆ ಎಷ್ಟು ದಿನಕ್ಕೆ ಗೊತ್ತಾಗುತ್ತದೆ? ನಿಮ್ಮ ಮೇಡಂಗೆ ಇದೆಲ್ಲ ಗೊತ್ತಿರಬೇಕಲ್ಲ. ಬೇಗ ಬರೆ.

ಪುಟ್ಟಿ ಆರಾಮಾಗಿದ್ದಾಳೆ. ನಡೆಯುವುದಕ್ಕೆ ನೋಡುತ್ತಿದ್ದಾಳೆ.

ಅಕ್ಕ

&nbsp;

ಮಾರ್ಚ್ ೧

ಅಕ್ಕಾ,

ಸುಮ್ಮನೆ ಕೇಳಿದ್ದಕ್ಕೆ ಸುಮ್ಮನೆ ಉತ್ತರ ಬರೆಯುತ್ತಿದ್ದೇನೆ.

ಕೈಗೆ ಹತ್ತಿದ್ದು ಸೋಪು ಹಚ್ಚಿ ಚೆನ್ನಾಗಿ ತೊಳೆದರೆ ಹೋಗುತ್ತದೆ. ಕೂದಲಿನದೂ ಅಷ್ಟೇ. ಬಟ್ಟೆಯೊಳಗಿನದು ಪೂರ್ತಿ ಹೋಗುವುದಿಲ್ಲ. ಕೊಡವಬೇಡ, ಪೊರಕೆ ಹಾಕಬೇಡ, ಧೂಳೆದ್ದರೆ ಅದೇ ಅಪಾಯ. ಒದ್ದೆ ಬಟ್ಟೆಯಲ್ಲಿ ಒರೆಸು. ಬಾಗಿಲು ಹಾಕಿದರೆ ಒಳ್ಳೆಯದು, ಆದರೆ ಉಟ್ಟ ಬಟ್ಟೆಯಲ್ಲೇ ನೀನು ಹೊರಗೆ ಬಂದರೆ ಅದೂ ನಿನ್ನ ಜೊತೆ ಬರುತ್ತದೆ. ಮಗುವಿನದು ಊಹೆಯ ಮೇಲೆ ಹೇಳಲಾಗದು, ಡಾಕ್ಟರಿಗೆ ತೋರಿಸಿ, ಮೂತ್ರ ಪರೀಕ್ಷೆ ಮಾಡಿಸಿ ಎಂದರು ಮೇಡಂ. "ಬಾಯಿಗೆ ಹಾಕಿಕೊಂಡವರಿದ್ರೆ ಮೊದಲು ಅವರದ್ದು ಮಾಡಿಸಿ" ಅಂದರು. ನಿನ್ನ ಹೆಸರು ಹೇಳಲಿಲ್ಲ ನಾನು. ಅವರಿಗೆ ಗೊತ್ತಾಯಿತು ಅನಿಸುತ್ತದೆ, ನನ್ನ ಮುಖ ನೋಡಿ ಕುರ್ಚಿ ಎಳೆದು ಕೂರಿಸಿದರು.

ಕೈಗವಸು, ಮಾಸ್ಕು ಕಳಿಸಿದ್ದೇನೆ. ಹಾಸಿನ ಅಂಚಿನಿಂದ ಒಂದಿಷ್ಟು ಎಳೆ ತೆಗೆದು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕಳಿಸು. ಮೇಡಂ ತಮ್ಮ ಕಾಲೇಜಿನಲ್ಲಿ ಸರಿಯಾಗಿ ನೋಡಿಕೊಡುತ್ತಾರೆ. ಕಪಾಟಿನಲ್ಲಿ ವಿಷ ಇದೆ ಎಂದ ಮಾತ್ರಕ್ಕೆ ಕೆಂಪು ಹಾಸಿನಲ್ಲೂ ಇದೆ ಎಂದೇನಿಲ್ಲ. ಇಲ್ಲದೆಯೂ ಇರಬಹುದು. ಇಲ್ಲದಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಅಲ್ಲಿಯವರೆಗೆ ಮುಟ್ಟಬೇಡ, ನನ್ನಾಣೆ.

ತಮ್ಮ

&nbsp;

ಮಾರ್ಚ್ ೧೨

ತಮ್ಮಾ,

ಎಳೆ ಕಳಿಸಿದ್ದೇನೆ. ಕೈಗವಸು ಹಾಕಿಕೊಂಡೇ ತೆಗೆದೆ. ನನ್ನ ಬೆರಳು ನನಗೇ ಗುರುತು ಸಿಗಲಿಲ್ಲ, ಯಾರದೋ ಕೈ ಎರವಲು ತಂದ ಹಾಗಿತ್ತು.

ನೂಲನ್ನು ಬಾಯಿಗಿಡದೆ ನೀರಿನಲ್ಲಿ ಅದ್ದಿ ಪೋಣಿಸಿ ನೋಡಿದೆ. ನಿನ್ನ ಮಾತಿಗೆ ಬೆಲೆ ಕೊಡಲಿಲ್ಲ ಎಂದು ನಾಳೆ ನೀನು ಹೇಳಬಾರದಲ್ಲ. ನೀರು ಕುಡಿದು ನೂಲು ಊದಿತು, ಒಣಗಿದ ಮೇಲೆ ಬೆಕ್ಕಿನ ರೋಮದ ಹಾಗೆ ಎದ್ದು ನಿಂತಿತು. ನಟ್ಟನಡುವೆ ಎಲ್ಲರ ಕಣ್ಣಿಗೆ ಬೀಳುವ ಜಾಗ. ಬಿಚ್ಚಿದೆ. ಮತ್ತೆ ಮಾಡಿದೆ. ಈಗ ಸರಿಯಾಗಿದೆ. ಹೇಗೆ ಮಾಡಿದೆ ಎಂದು ಕೇಳಬೇಡ.

ಮನೆಯಲ್ಲಿ ಎಲ್ಲ ಚೆನ್ನಾಗಿದೆ.

ಅಕ್ಕ

&nbsp;

ಮಾರ್ಚ್ ೨೯

ಅಕ್ಕಾ,

ಇದೆ. ಬೇಕಾದಷ್ಟಿದೆ. ಕಪಾಟಿನ ಮಿಕ್ಕ ಬಟ್ಟೆಗಳಿಗಿಂತ ಕೆಂಪು ಹಾಸಿನಲ್ಲೇ ಜಾಸ್ತಿ. ಬೆಲೆಬಾಳುವ ವಸ್ತು ಎಂದು ಅದಕ್ಕೆ ಹೆಚ್ಚು ಬಳಿದಿರಬೇಕು ಅಂದರು ಮೇಡಂ.

ವರದಿ ಹಿಡಿದು ದೊಡ್ಡವರ ಮುಂದೆ ನಿಂತೆ. ಓದಿದರು. ಓದಿ ಮೇಜಿನ ಡ್ರಾಯರಿಗೆ ಹಾಕಿದರು. "ನಿಮ್ಮಕ್ಕನಿಗೆ ಕಷ್ಟ ಆದ್ರೆ ಬಿಡಲಿ. ಬೇರೆ ಯಾರಾದ್ರೂ ಸಿಗ್ತಾರೆ. ಅವರಿಗೆ ಇದನ್ನೆಲ್ಲ ಹೇಳೋ ಅಗತ್ಯ ಇಲ್ಲ" ಎಂದರು. ಬೇರೆ ಯಾರಾದರೂ ಅಂದರೆ ಯಾರು ಅಕ್ಕ? ನಿನ್ನ ಹಾಗೆಯೇ ಯಾರೋ ಒಬ್ಬಳು, ಅವಳ ತುಟಿ, ಅವಳ ನಾಲಿಗೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ.

'ಹೇಗೆ ಮಾಡಿದೆ ಎಂದು ಕೇಳಬೇಡ' ಎಂದು ಬರೆದಿದ್ದೀಯ. ಕೇಳುವುದೇನಿದೆ? ಅದನ್ನು ಓದಿದಾಗಿನಿಂದ ಒಂದು ಕಡೆ ನಿಂತರೆ ನಿಲ್ಲಲಾಗುತ್ತಿಲ್ಲ, ಕೂತರೆ ಕೂರಲಾಗುತ್ತಿಲ್ಲ. ಉಗ್ರಾಣದಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡುತ್ತೇನೆ.

ನಿನ್ನ ಮಗಳಿಗೆ ಈಗಷ್ಟೇ ಫೋನ್ ಮಾಡಿ ಎಲ್ಲ ಹೇಳಿದೆ. ಜನ್ಮದಲ್ಲಿ ನನ್ನ ಮುಖ ನೋಡಬೇಡ ಬೇಕಾದರೆ. ನೀನು ಬದುಕಿದ್ದರೆ ಸಾಕು ನನಗೆ.

ತಮ್ಮ

&nbsp;

ಏಪ್ರಿಲ್ ೭

ಮಾಮ,

ನೀವು ಫೋನ್ ಮಾಡಿದಾಗ ನಾನು ಸರಿಯಾಗಿ ಮಾತಾಡಲೇ ಇಲ್ಲ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಆದರೆ ಕಾರಣ ಅದಲ್ಲ. ಕೇಳುತ್ತಾ ಕೇಳುತ್ತಾ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಅಮ್ಮ ನಿಮ್ಮ ಮೊದಲ ಕಾಗದ ಬಂದ ದಿನದಿಂದ ಪುಟ್ಟಿಯನ್ನು ಮುಟ್ಟಿಲ್ಲ. ನಿಮಗೆ ಗಾಬರಿರಾಯ ಎಂದು ಬರೆದಳು ಅಂದಿರಲ್ಲ, ಆ ಹೊತ್ತಿಗಾಗಲೇ ಹಾಸು ಎತ್ತಿಕೊಂಡು ಮುಂದಿನ ಕೋಣೆ ಸೇರಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು. ಅಲ್ಲೇ ಮಲಗುತ್ತಾಳೆ. ತಟ್ಟೆ ಬೇರೆ, ಲೋಟ ಬೇರೆ. "ಕೆಲಸ ಜಾಸ್ತಿಯಿದೆ, ಮಗೂನ ನೋಡ್ಕೊಳ್ಳೋಕಾಗಲ್ಲ, ಕೆಳಗಿನ ಮನೆ ಟೀಚರಮ್ಮನ ಹತ್ರ ಬಿಟ್ಟು ಹೋಗು" ಎಂದಳು. ಕಾರಣ ಹೇಳಲಿಲ್ಲ. ಪುಟ್ಟಿ ಅಂಬೆಗಾಲಿಟ್ಟುಕೊಂಡು ಹೋಗಿ ಬಾಗಿಲು ಬಡಿಯುತ್ತಿದ್ದಳು. ಒಳಗಿನಿಂದ ಸದ್ದೇ ಇಲ್ಲ.

ನಾನು ಏನೇನೋ ಅಂದುಕೊಂಡೆ ಮಾಮ. ಗಂಡನನ್ನು ಬಿಟ್ಟು ಬಂದವಳು ಎಷ್ಟು ದಿನ ಇರುತ್ತಾಳೆ ಎಂದು ಅಮ್ಮನಿಗೆ ಬೇಸರ ಬಂದಿದೆ ಅಂದುಕೊಂಡೆ. ಒಂದು ದಿನ ಬಾಯಿಗೆ ಬಂದಂತೆ ಅಂದೂಬಿಟ್ಟೆ. "ನಾವು ನಿನಗೆ ಭಾರ ಆಗಿದ್ರೆ ಹೇಳು, ಕೋಣೆ ನೋಡ್ಕೊಂಡು ಹೋಗ್ತೀನಿ" ಎಂದೆ. ಅಮ್ಮ ಸುಮ್ಮನೆ ನನ್ನನ್ನು ನೋಡಿ, "ನೋಡ್ಕೋ" ಅಂದಳು. ಅಷ್ಟೇ. ನಾನು ನಿಜವಾಗಿಯೂ ಕೋಣೆ ಹುಡುಕುತ್ತಿದ್ದೆ.

ನಿಮ್ಮ ಫೋನ್ ಬಂದ ಮರುದಿನವೇ ಡಾಕ್ಟರಿಗೆ ತೋರಿಸಿದೆ. ಪುಟ್ಟಿಗೆ ಏನೂ ಇಲ್ಲ. ಅಮ್ಮನ ಮೂತ್ರದಲ್ಲಿ ಇದೆ, ಇರಬೇಕಾದ್ದಕ್ಕಿಂತ ತುಂಬಾ ಜಾಸ್ತಿ. ಬೆರಳ ತುದಿ ಜುಮ್ಮೆನ್ನುತ್ತದೆ ಎಂದು ಡಾಕ್ಟರ ಮುಂದೆ ಮೊದಲ ಸಲ ಬಾಯಿಬಿಟ್ಟಳು. ಈಗಲೇ ನಿಲ್ಲಿಸಿದರೆ ಇಳಿಯುತ್ತದೆ, ಇಲ್ಲದಿದ್ದರೆ ನಾನು ಜವಾಬ್ದಾರನಲ್ಲ ಎಂದರು ಡಾಕ್ಟರು.

ಮನೆಗೆ ಬಂದವಳು ಮತ್ತೆ ಕೋಣೆ ಹೊಕ್ಕು ಚಿಲಕ ಹಾಕಿಕೊಂಡಳು. ಕೂಗಿದರೆ ಕೇಳಿಸುವುದಿಲ್ಲ. ವರಾಂಡದ ಕಿಟಕಿಯ ಹೊರಗೆ ನಿಂತು ಕೈಸನ್ನೆ ಮಾಡಿ ಅತ್ತೆ. "ಬಲಗಡೆ ಸ್ವಲ್ಪ ಉಳಿದಿದೆ ಕಣೇ. ಅವನ ಕೆಲಸ ಕಾಯಂ ಆಗಿಬಿಡಲಿ, ಆಮೇಲೆ ಸೂಜಿ ಮುಟ್ಟಿದ್ರೆ ಕೇಳು" ಅಂದಳು. ಮಗುವನ್ನು ಕಾಪಾಡುವುದಕ್ಕೆ ದೂರ ಇಟ್ಟಳು, ನಿಮ್ಮನ್ನು ಕಾಪಾಡುವುದಕ್ಕೆ ಹೊಲಿಯುತ್ತಿದ್ದಾಳೆ. ಅವಳನ್ನು ಯಾರು ಕಾಪಾಡಬೇಕು? ನನ್ನ ಮಾತು ಕೇಳುವುದಿಲ್ಲ. ಏನಾದರೂ ಮಾಡಿ ಮಾಮ, ಬೇಗ ಮಾಡಿ.

ನಿಮ್ಮ ಸೊಸೆ

&nbsp;

ಏಪ್ರಿಲ್ ೧೩

ಅಕ್ಕಾ,

ಇನ್ನು ಹೊಲಿಯಬೇಡ. ಹೊಲಿದು ಉಪಯೋಗವಿಲ್ಲ. ಯಾವ ಕೆಲಸಕ್ಕಾಗಿ ಹೊಲಿಯುತ್ತಿದ್ದೆಯೋ ಆ ಕೆಲಸವೇ ಈಗಿಲ್ಲ.

ನಿನ್ನ ಮಗಳ ಕಾಗದ ಬಂದ ದಿನ ಉಗ್ರಾಣದ ಪ್ರತಿ ಕಪಾಟಿಗೂ ಕೆಂಪು ಕಾಗದ ಅಂಟಿಸಿದೆ. 'ವಿಷವಿದೆ, ಮುಟ್ಟಬೇಡಿ' ಎಂದು ದಪ್ಪಕ್ಷರದಲ್ಲಿ ಬರೆದು ಕೆಳಗೆ ನನ್ನ ಸಹಿ ಹಾಕಿದೆ. ನಮ್ಮಲ್ಲಿ ಕಸ ಗುಡಿಸುವ ಇಬ್ಬರು ಹೆಂಗಸರಿದ್ದಾರೆ. ಇಷ್ಟು ವರ್ಷವೂ ಉಣ್ಣೆಯನ್ನೆಲ್ಲ ಅಂಗಳಕ್ಕೆ ತಂದು ಕೋಲಿನಿಂದ ಬಡಿದು ಧೂಳು ತೆಗೆದವರು ಅವರೇ. ಅವರನ್ನು ಕೂರಿಸಿ ಎಲ್ಲ ಹೇಳಿದೆ. ಒಬ್ಬಳು ಕೈ ನೋಡಿಕೊಂಡಳು. ಇನ್ನೊಬ್ಬಳು ಎದ್ದು ನೇರ ದೊಡ್ಡವರ ಕೋಣೆಗೆ ನುಗ್ಗಿದಳು. ಸಂಜೆಯೊಳಗೆ ಬೀಗದ ಕೈ ಕಸಿದುಕೊಂಡು ನನ್ನನ್ನು ಗೇಟಿನ ಹೊರಗೆ ಬಿಟ್ಟರು.

ಮೇಡಂ ತಮ್ಮ ವರದಿಯನ್ನು ಮೇಲಿನವರಿಗೆ ಕಳಿಸಿದ್ದಾರೆ. ಏನಾಗುತ್ತದೋ ಗೊತ್ತಿಲ್ಲ. ಹಾಸನ್ನು ಒಯ್ಯಲು ಅವರೇ ಒಬ್ಬರನ್ನು ಕಳಿಸುತ್ತಾರೆ, ಅವರ ಕೈಗೆ ಕೊಡು, ಬೇರೆ ಯಾರಿಗೂ ಕೊಡಬೇಡ.

ಬಯ್ಯುತ್ತೀಯ, ಗೊತ್ತು. ಬೇಕಾದಷ್ಟು ಬಯ್ಯಿ. ಬಾಗಿಲು ತೆಗೆದು ಬಯ್ಯಿ.

ಕೆಲಸವಿಲ್ಲದ
ನಿನ್ನ ತಮ್ಮ

&nbsp;

ಮೇ ೧೮

ಮಹಾರಾಯ,

ಬಯ್ದೆ. ಕೆಳಗಿನ ಮನೆಯ ಟೀಚರಮ್ಮ ಮೆಟ್ಟಿಲು ಹತ್ತಿ ಬಂದು ಏನಾಯಿತು ಎಂದು ಕೇಳುವಷ್ಟು ಜೋರಾಗಿ ಬಯ್ದೆ. ಕಷ್ಟಪಟ್ಟು ಸಿಕ್ಕಿದ್ದನ್ನು ಕಾಲಲ್ಲಿ ಒದ್ದು ಬಂದೆಯಲ್ಲ, ನಿನಗೆ ಬುದ್ಧಿ ಬರುವುದು ಯಾವಾಗ ಎಂದೆ. ಬಯ್ದು ಬಯ್ದು ಸಾಕಾಗಿ ಗೋಡೆಗೆ ಒರಗಿ ಕೂತೆ. ಆಮೇಲೆ ಸೂಜಿ ತೆಗೆದು ಡಬ್ಬಿಗೆ ಹಾಕಿದೆ. ಬಲಗಡೆ ಅಂಗೈ ಅಗಲದ ತೂತು ಹಾಗೇ ಇದೆ. ಇರಲಿ, ಹಾಳಾಗಿಹೋಗಲಿ.

ಮೇಡಂ ಕಳಿಸಿದ ಮನುಷ್ಯ ಬಂದು ಹಾಸನ್ನೂ ನಾನು ಉಟ್ಟ ಬಟ್ಟೆಗಳನ್ನೂ ಚೀಲದ ಮೇಲೆ ಚೀಲ ಹಾಕಿ ಕಟ್ಟಿಕೊಂಡು ಹೋದ. ಕೋಣೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಮಗಳ ಸೊಂಟ ಬಿದ್ದುಹೋಯಿತು. ನಾವಿಬ್ಬರೂ ಇನ್ನೂ ಸರಿಯಾಗಿ ಮಾತಾಡಿಲ್ಲ. ಕೋಣೆ ಹುಡುಕುವುದನ್ನು ಬಿಟ್ಟಿದ್ದಾಳೆ, ನಾನೂ ಕೇಳಲಿಲ್ಲ. ನಿನ್ನೆ ಡಾಕ್ಟರು ಮತ್ತೆ ಪರೀಕ್ಷೆ ಮಾಡಿ, "ಚೆನ್ನಾಗಿ ಇಳಿದಿದೆ" ಎಂದರು. ಬೆರಳ ಜುಮ್ಮು ಹೋಗುವುದಕ್ಕೆ ಇನ್ನೂ ತಿಂಗಳುಗಳು ಬೇಕಂತೆ. ಮಗುವನ್ನು ಎತ್ತಿಕೊಳ್ಳಬಹುದೇ ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ಬಾಯಲ್ಲಿ ಕೇಳುವುದಕ್ಕೆ ಧೈರ್ಯ ಬರಲಿಲ್ಲ. ಅವರು ನಕ್ಕು ಅದೇ ಕಾಗದದ ಮೇಲೆ 'ಧಾರಾಳವಾಗಿ' ಎಂದು ಬರೆದರು.

ಪುಟ್ಟಿ ಬಾಗಿಲು ಬಡಿಯುವಾಗ ನಾನು ಒಳಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದೆ ಕಣೋ. ಕಿವಿಗೆ ಕೇಳಿಸದಿದ್ದರೂ ಬೆನ್ನಿಗೆ ಗೊತ್ತಾಗುತ್ತಿತ್ತು. ಆಮೇಲಾಮೇಲೆ ಅವಳು ಬಡಿಯುವುದನ್ನೇ ಬಿಟ್ಟಳು. ನನಗೆ ನಿಜವಾದ ಭಯ ಹುಟ್ಟಿದ್ದು ಆವತ್ತು.

ನಿನ್ನೆ ಕೈಚಾಚಿ ಕರೆದರೆ ಅವಳು ಬರಲಿಲ್ಲ. ಯಾರೋ ಹೊಸಬರನ್ನು ನೋಡಿದ ಹಾಗೆ ನೋಡಿ, ತಾಯಿಯ ಕಾಲಿನ ಹಿಂದೆ ಹೋಗಿ ನಿಂತಳು. ಈಗ ನಿಲ್ಲುತ್ತಾಳೆ, ನಡೆಯುತ್ತಾಳೆ. ಅವಳ ಮೊದಲ ಹೆಜ್ಜೆ ನಾನು ನೋಡಲಿಲ್ಲ. ಒತ್ತಾಯ ಮಾಡಬೇಡ, ತಾನೇ ಬರುತ್ತಾಳೆ ಎಂದಳು ಮಗಳು. ಇವತ್ತು ಬೆಳಿಗ್ಗೆಯಿಂದ ನೆಲದ ಮೇಲೆ ಸುಮ್ಮನೆ ಕೂತಿದ್ದೆ. ಅವಳು ಒಂದು ಸುತ್ತು ಹಾಕಿದಳು, ದೂರದಿಂದ ನೋಡಿದಳು, ಇನ್ನೊಂದು ಸುತ್ತು ಹಾಕಿದಳು. ಆಮೇಲೆ ಮೆಲ್ಲಗೆ ಬಂದು ನನ್ನ ಮಡಿಲಲ್ಲಿ ಧೊಪ್ಪನೆ ಕೂತಳು. ನನ್ನ ಬಟ್ಟೆಯ ಅಂಚು ಹಿಡಿದಳು, ಹಿಡಿದು ಬಾಯಿಗೆ ಹಾಕಿಕೊಂಡಳು.

ಕಿತ್ತುಕೊಂಡುಬಿಟ್ಟೆ. ಎಷ್ಟು ಜೋರಾಗಿ ಎಳೆದೆನೆಂದರೆ ಅವಳ ಪುಟ್ಟ ಕೈ ಜೊತೆಗೇ ಬಂತು. ಕಿರುಚಿ ಅತ್ತುಕೊಂಡು ಓಡಿಹೋದಳು.

ಹೊಸ ಬಟ್ಟೆ ಕಣೋ ಅದು. ಮಗಳು ಅಂಗಡಿಯಿಂದ ತಂದು, ಎರಡು ಸಲ ಒಗೆದು ಕೊಟ್ಟದ್ದು. ನನಗೆ ಗೊತ್ತಿತ್ತು. ಗೊತ್ತಿದ್ದೂ ಕಿತ್ತುಕೊಂಡೆ.

ಈಗ ಮತ್ತೆ ಅಲ್ಲೇ ನೆಲದ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಅವಳು ಬಾಗಿಲ ಸಂದಿಯಿಂದ ಇಣುಕುತ್ತಿದ್ದಾಳೆ. ನಿನಗೆ ಹೇಗೂ ಕೆಲಸವಿಲ್ಲ, ಹೊರಟು ಬಾ. ಬಂದು ನನ್ನ ಪಕ್ಕ ಕೂತು, ಅವಳು ಮತ್ತೆ ಬಂದಾಗ ನನ್ನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೋ.

ನಿನ್ನ ಅಕ್ಕ